ಕೊಡ ಕಳಚಿಕೊಂಡ ರಾಟೆ

ಬಾವಿಯ ಮೇಲಿರುವುದೂ ರಾಟೆ, ನೂಲು ತೆಗೆಯುವುದೂ ರಾಟೆ, ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿ ತಿರುಗಿಸುವುದೂ ರಾಟೆಯೇ. ಕನ್ನಡಕ್ಕೆ ಪದಗಳ ಬರವೇನೂ ಇರಲಿಲ್ಲ. ಗಾಲಿ, ತಿಗರಿ, ಗಡಗಡೆ ಎಲ್ಲ ಇದ್ದವು. ಆದರೂ ನೀರಿಗೂ ನೂಲಿಗೂ ಮೋಜಿಗೂ ಇದೊಂದೇ ಹೆಸರು ಅಂಟಿಕೊಂಡಿತು.

ಇದರ ಬೇರು ಸಂಸ್ಕೃತದ ‘ಅರಘಟ್ಟ’. ‘ಅರ’ ಎಂದರೆ ಗಾಲಿಯ ಕಡ್ಡಿ. ‘ಘಟ್ಟ’ವನ್ನು ಘಟಕ್ಕೆ, ಅಂದರೆ ಕೊಡಕ್ಕೆ, ನಂಟು ಹಾಕುತ್ತಾರೆ. ಗಾಲಿಯ ಸುತ್ತ ಮಡಕೆ ಕಟ್ಟಿ ನೀರೆತ್ತುವ ಯಂತ್ರ ಅದು. ಮಡಕೆಗಳು ತಳದಲ್ಲಿ ಮುಳುಗಿ ತುಂಬುತ್ತವೆ, ನೆತ್ತಿಯಲ್ಲಿ ಬಾಗಿ ಸುರಿಯುತ್ತವೆ, ಖಾಲಿಯಾಗಿ ಇಳಿಯುತ್ತವೆ. ಪ್ರಾಕೃತದ ನಾಲಗೆಯಲ್ಲಿ ‘ಘ’ ಸವೆದು ‘ಹ’ ಆಯಿತು, ಮೊದಲ ‘ಅ’ ಉದುರಿತು: ಅರಹಟ್ಟ, ರಹಟ್ಟ. ಮರಾಠಿಯ ರಹಾಟ, ಹಿಂದಿಯ ರಹಟ್, ನಮ್ಮ ರಾಟೆ ಇದೇ ಬಳ್ಳಿಯ ಕಾಯಿಗಳು. ‘ಚರಕ’ ಬೇರೆ ಮನೆತನ. ಅದು ಪರ್ಷಿಯನ್ನಿನ ಚರ್ಖ್‌ನಿಂದ ಬಂದದ್ದು, ಚಕ್ರದ ದಾಯಾದಿ. ಗ್ರೀಕ್ ಮೂಲದ ಸೈಕಲ್ಲೂ ಅದೇ ಕುಲ. ‘ಸೈಕಲ್ ಚಕ್ರ’ ಎನ್ನುವವರು ಒಬ್ಬನನ್ನೇ ಎರಡು ಸಲ ಕೂಗುತ್ತಾರೆ.

ಬಾವಿಗೆ ಬಂದ ರಾಟೆ ಕೊಡವನ್ನು ಹಗ್ಗಕ್ಕೆ ಒಪ್ಪಿಸಿತು. ಅದು ಭಾರ ತಗ್ಗಿಸುತ್ತದೆ ಎಂದು ನಂಬಿದವರೇ ಹೆಚ್ಚು. ಇಲ್ಲ. 15 ಲೀಟರ್ ನೀರಿಗೆ 15 ಕಿಲೋ, ಮೇಲೆ ಕೊಡದ ತೂಕ, ಸಾಲದ್ದಕ್ಕೆ ಅಚ್ಚಿನ ತಿಕ್ಕಾಟದ ಕಂದಾಯ. ಲಾಭ ಇಷ್ಟೇ: ಬಗ್ಗಿ ಮೇಲಕ್ಕೆ ಎತ್ತುವ ಬದಲು ನಿಂತು ಕೆಳಕ್ಕೆ ಜಗ್ಗಬಹುದು, ಮೈತೂಕವೂ ಕೈಜೋಡಿಸುತ್ತದೆ. ಅಚ್ಚಿನ ತೂತು ಸವೆದರೆ ಗಾಲಿ ವಾಲುತ್ತದೆ. ಆಗ ಓರೆಯಾಗಿ ನಿಂತು ಎಳೆದರೆ ಹಗ್ಗ ಜಾಡು ತಪ್ಪಿ ಗಾಲಿಗೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಕಿರುಗುಟ್ಟಿದರೆ ಎರಡು ಹನಿ ಎಣ್ಣೆ ಸಾಕು. ವಾಲಿದ್ದಕ್ಕೆ ಎಣ್ಣೆ ಮದ್ದಲ್ಲ, ಸವೆದದ್ದನ್ನೇ ಬದಲಿಸಬೇಕು.

ನೂಲುವ ರಾಟೆಯಲ್ಲಿ ಕೊಡವೂ ಇಲ್ಲ, ನೀರೂ ಇಲ್ಲ. ಉಳಿದದ್ದು ಬರೀ ತಿರುಗು. ಗಾಲಿಯ ಅಡ್ಡಳತೆ 50 ಸೆಂ.ಮೀ., ಕದಿರಿನ (ನೂಲು ಸುತ್ತಿಕೊಳ್ಳುವ ಕಡ್ಡಿಯ) ಮೇಲೆ ಗಾಲಿಯ ದಾರ ಹಾಯುವ ಗಿರಕಿಯದು 1 ಸೆಂ.ಮೀ. ಇದ್ದರೆ, ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಕದಿರು 50 ಸುತ್ತು ಬರಬೇಕು. ದಾರ ಸಡಿಲವಾದರೆ ಈ ಲೆಕ್ಕ ಕೆಡುತ್ತದೆ: ಗಿರಕಿ ಜಾರುತ್ತದೆ, ಹುರಿ ಸಾಲದೆ ಎಳೆ ಹಂಜಿಯ, ಅಂದರೆ ಹತ್ತಿಯ ಬತ್ತಿಯ, ಬಾಯಲ್ಲೇ ಹರಿಯುತ್ತದೆ. ಹುರಿ ಅತಿಯಾದರೆ ಎಳೆ ಗುಂಗುರಾಗಿ ತನ್ನನ್ನೇ ತಬ್ಬಿಕೊಳ್ಳುತ್ತದೆ. ಹೊಸಬರು ಎಡವುವುದು ಮಾತ್ರ ಬೇರೆ ಕಡೆ. ಎಳೆದ ನೂಲನ್ನು ಕದಿರಿಗೆ ಸುತ್ತುವ ಮೊದಲು ಗಾಲಿಯನ್ನು ತುಸು ಹಿಂದಕ್ಕೆ ತಿರುಗಿಸಿ ತುದಿಯ ಸುರುಳಿ ಬಿಡಿಸಿಕೊಳ್ಳಬೇಕು. ಮುಂದೆ ಹೋಗುವ ಗಾಲಿಯನ್ನು ಹಿಂದಕ್ಕೆ ತಳ್ಳಲು ಕೈಗೆ ಅದೇನೋ ಸಂಕೋಚ!

ಇನ್ನು ಜಾತ್ರೆಯ ರಾಟೆ. ಗಾಲಿಯ ಸುತ್ತ ತೊಟ್ಟಿಲುಗಳು. ದಾರಿಯಲ್ಲಿ ಕಳಚಿಹೋಗಿದ್ದ ಮಡಕೆಗಳೇ ಮರಳಿ ಬಂದಂತಿದೆ, ನೀರಿನ ಬದಲು ಮಂದಿ ತುಂಬಿಕೊಂಡು. ವ್ಯತ್ಯಾಸವಿರುವುದು ಕಟ್ಟುವ ಬಗೆಯಲ್ಲಿ. ಮಡಕೆಯನ್ನು ಬಿಗಿಯಾಗಿ ಕಟ್ಟುತ್ತಾರೆ, ನೆತ್ತಿಯಲ್ಲಿ ಅದು ಸುರಿಯಬೇಕು. ತೊಟ್ಟಿಲನ್ನು ಕೀಲಿನಿಂದ ತೂಗುಬಿಡುತ್ತಾರೆ, ಅದು ಸುರಿಯಬಾರದು. ಕೈಯಲ್ಲಿ ತಿರುಗಿಸುವ ನಾಲ್ಕು ತೊಟ್ಟಿಲಿನ ರಾಟೆಯಾದರೆ ಎದುರುಬದುರು ಸಮತೂಕ ಕೂರಿಸಬೇಕು. ಒಂದರಲ್ಲೇ ಮೂವರನ್ನು ತುರುಕಿದರೆ ಅದು ತಳಕ್ಕೆ ಬಂದು ಕೂತುಬಿಡುತ್ತದೆ. ತಿರುಗಿಸುವವನ ತೋಳು ಸೋಲುತ್ತದೆ. ಇಳಿಸುವಾಗಲೂ ಅಷ್ಟೇ, ಈ ಕಡೆಯದೊಂದು ಖಾಲಿ ಮಾಡಿದರೆ ಆ ಕಡೆಯದೊಂದು.