ಮಠ ಬಿಟ್ಟುಬಿಟ್ರಾ?

ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆ ನೋಡಬೇಕು ಅಂತ ತುಮಕೂರಿನಿಂದ ಚಿಕ್ಕಪ್ಪ ಸೊಲ್ಲಾಪುರಕ್ಕೆ ಬಂದಿದ್ದರು. ಕಾಲು ತೊಳೆದು ಒಳಗೆ ಬಂದವರು ನೀರು ಕುಡಿಯುವ ಮೊದಲೇ ಗೋಡೆ ನೋಡಿದರು. ಬಸವಣ್ಣನ ಫೋಟೋ ಪಕ್ಕದಲ್ಲಿ ಪಂಢರಪುರದ ವಿಠ್ಠಲ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ. "ಏನಪ್ಪಾ, ಮಠ ಬಿಟ್ಟುಬಿಟ್ರಾ?" ಅಂದರು. ತಮಾಷೆಗೆ ಕೇಳಿದ್ದಲ್ಲ. ರಾತ್ರಿ ಊಟಕ್ಕೆ ಕೂತಾಗ ಅದನ್ನೇ ನನ್ನ ಹೆಂಡತಿಯನ್ನೂ ಕೇಳಿದರು.

ಆ ಫೋಟೋ ನಾವು ಕೊಂಡಿದ್ದಲ್ಲ. ಪಕ್ಕದ ಮನೆ ಕಾಕಾ ಆಷಾಢಿ ವಾರಿ, ಅಂದರೆ ಪಂಢರಪುರಕ್ಕೆ ನಡೆದು ಹೋಗುವ ಯಾತ್ರೆ, ಮುಗಿಸಿ ಬಂದಾಗ ಚುರುಮುರಿ, ಪುಟಾಣಿ, ಬತ್ತಾಸು, ಹಣೆಗೆ ಹಚ್ಚುವ ಕಪ್ಪು ಬುಕ್ಕಾ ಪುಡಿಯ ಪೊಟ್ಟಣದ ಜೊತೆ ಕೊಟ್ಟಿದ್ದು. ಕೊಟ್ಟಿದ್ದನ್ನು ಕಪಾಟಿನಲ್ಲಿ ಇಡೋಕಾಗುತ್ತಾ, ಮೊಳೆ ಹೊಡೆದು ತಗಲಿ ಹಾಕಿದೆ. ಅಷ್ಟೇ ವಿಷಯ. ಆದರೆ ಚಿಕ್ಕಪ್ಪನ ಪ್ರಶ್ನೆ ಮಾತ್ರ ಚುಚ್ಚಿತು, ಯಾಕಂದ್ರೆ ಈ ಊರಿಗೆ ಬಂದ ಮೇಲೆ ಅಂಥ ಪ್ರಶ್ನೆ ಕೇಳಿಸಿಕೊಳ್ಳುವ ಅಭ್ಯಾಸವೇ ತಪ್ಪಿಹೋಗಿತ್ತು.

ಕಾಕಾ ನಮ್ಮವರೇ, ಅಂದರೆ ಮನೆಯಲ್ಲಿ ಕನ್ನಡ, ಕೊರಳಲ್ಲಿ ಇಷ್ಟಲಿಂಗ. ಅದೇ ಕೊರಳಲ್ಲಿ ವಿಠ್ಠಲನ ಭಕ್ತರು ಹಾಕುವ ತುಳಸಿ ಮಾಲೆಯೂ ಇದೆ. ಬೆಳಿಗ್ಗೆ ಲಿಂಗಪೂಜೆ, ಸಂಜೆ ಹರಿಪಾಠ. ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ, ಕಾಕಾ ಮಾಲೆ ಯಾಕೆ ಹಾಕಿಕೊಂಡ್ರಿ ಅಂತ. ಏನೋ ಕನಸು, ಸಾಕ್ಷಾತ್ಕಾರ ಅಂತ ಹೇಳ್ತಾರೆ ಅಂದುಕೊಂಡಿದ್ದೆ. "ಏನಿಲ್ಲ ತಮ್ಮಾ, ಮಿಲ್ ಬಂದ್ ಆತು. ಕೆಲಸಿಲ್ಲ, ಕುಡಿಯಾಕ ಹತ್ತಿದ್ದೆ. ನಮ್ಮ ಓಣಿಯಾಂವ ಒಬ್ಬ ಬಾ ಅಂತ ದಿಂಡಿಗೆ ಎಳಕೊಂಡ ಹ್ವಾದ. ಮಾಲಿ ಹಾಕಿದ ಮ್ಯಾಲ ಕುಡಿಯಂಗಿಲ್ಲ. ಬಿಟ್ಟೆ." ಇಷ್ಟೇ. ದಿಂಡಿ ಅಂದರೆ ವಾರಿಗೆ ನಡೆದು ಹೋಗುವವರ ತಂಡ. ಸೊಲ್ಲಾಪುರದಿಂದ ಪಂಢರಪುರ 70 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಆ ದಾರಿಯಲ್ಲಿ ನಡೆಯುತ್ತಾ ನಡೆಯುತ್ತಾ ಒಬ್ಬ ಮನುಷ್ಯ ಕುಡಿತ ಬಿಟ್ಟ. ಇದಕ್ಕಿಂತ ದೊಡ್ಡ ಕಾರಣ ಬೇಕಾ?

ಅವರ ಹೆಂಡತಿ ಕಾಕೂದು ಇನ್ನೊಂದು ದಾರಿ. ಅವರು ಗುರುವಾರ ಗುರುವಾರ ಅಕ್ಕಲಕೋಟೆಗೆ ಹೋಗ್ತಾರೆ, ಸ್ವಾಮಿ ಸಮರ್ಥರ ವಟವೃಕ್ಷದ ಗುಡಿಗೆ. ಅವರನ್ನು ಕೇಳಿದರೆ ಇನ್ನೂ ನೇರ ಉತ್ತರ: "ಮನಿಯಿಂದ ಹೊರಗ ಬೀಳಾಕ ಅದೊಂದ ದಿನ ಐತಿ ನೋಡ, ಅದಕ್ಕೂ ಕಲ್ಲು ಹಾಕಬ್ಯಾಡ." ನಾಲ್ಕು ಜನ ಹೆಂಗಸರು ಸೇರಿ ಎಸ್‌ಟಿ ಬಸ್ಸಿನಲ್ಲಿ ಹೋಗಿ, ದರ್ಶನ ಮಾಡಿ, ಪ್ರಸಾದದ ಊಟ ಮಾಡಿ, ಮಾತಾಡಿ ಮಾತಾಡಿ ಹಗುರಾಗಿ ಬರ್ತಾರೆ. ಭಕ್ತಿ ಇಲ್ಲ ಅಂತಲ್ಲ. ಕಣ್ಣು ಮುಚ್ಚಿ ಕೈಮುಗಿದು ನಿಂತರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಅಲ್ಲಾಡಲ್ಲ ಕಾಕೂ.

ನಮ್ಮೂರಲ್ಲಿ ಹೀಗೆ ಯಾರಾದರೂ ಹೇಳಿದ್ದು ಕೇಳಿದ್ದೀರಾ? ನಮ್ಮಲ್ಲಿ ಪರಿಚಯ ಆಗಿ ಐದು ನಿಮಿಷಕ್ಕೆ "ನಿಮ್ದು ಯಾವ ಮಠ?" ಬರುತ್ತೆ. ಹೆಣ್ಣು ನೋಡೋಕೆ ಹೋದರೆ ಕಾಫಿಗಿಂತ ಮೊದಲು ಬರುತ್ತೆ. ಯಾವ ಮಠ ಅಂದರೆ ಯಾವ ಒಳಪಂಗಡ ಅಂತ, ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳಲ್ಲ. ಯಾಕೆ ಆ ಮಠ ಅಂತ ಕೇಳಿ ನೋಡಿ, ಸಿದ್ಧಾಂತ ಶುರು. 2018ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಲಿಂಗಾಯತ ಪ್ರತ್ಯೇಕ ಧರ್ಮ ಅಂತ ಕೇಂದ್ರಕ್ಕೆ ಶಿಫಾರಸು ಮಾಡಿತಲ್ಲ, ಆಗ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಆಗಮ ಯಾವುದು, ವಚನ ಯಾವುದು, ವೀರಶೈವರ ಪಂಚಪೀಠ ಮೊದಲೋ ಬಸವಣ್ಣ ಮೊದಲೋ ಅಂತ ಹಗಲೂ ರಾತ್ರಿ ಜಗಳ. ಇಬ್ಬರು ಗ್ರೂಪ್ ಬಿಟ್ಟೇ ಹೋದರು. ಅಷ್ಟು ಮಾತಾಡಿದವರಲ್ಲಿ ಒಬ್ಬರೂ, ನಾನು ಲಿಂಗ ಕಟ್ಟಿಕೊಂಡಿದ್ದು ನಮ್ಮಜ್ಜಿ ಕಟ್ಟಿದ್ದಕ್ಕೆ ಅಂತ ಹೇಳಲಿಲ್ಲ. ನಿಜ ಮಾತ್ರ ಅದೇ ಅಲ್ವಾ? ಅಜ್ಜಿ ಕಟ್ಟಿದ್ದನ್ನು ಓದಿ ಆರಿಸಿಕೊಂಡ ಹಾಗೆ ತೋರಿಸೋದ್ಯಾಕೆ?

ಮಾರನೇ ದಿನ ಕಾಕಾ ಬಂದರು. ಚಿಕ್ಕಪ್ಪ ಸುಮ್ನಿರಬೇಕಲ್ಲ, ಅವರ ಹತ್ತಿರವೂ ಎತ್ತಿದರು, "ಲಿಂಗ ಕಟ್ಟಿಕೊಂಡೋರು ವಿಠ್ಠಲನ್ನ ಹಿಡ್ಕೊಂಡ್ರೆ ಹೆಂಗೆ?" ನನಗೆ ಮುಜುಗರ. ಕಾಕಾ ನಕ್ಕು, ಚಹಾದ ಬಸಿ ಕೆಳಗಿಟ್ಟು, ನರಹರಿ ಸೋನಾರನ ಕಥೆ ತೆಗೆದರು. ಪಂಢರಪುರದಲ್ಲೇ ಇದ್ದ ಅಕ್ಕಸಾಲಿಗ, ಕಟ್ಟಾ ಶಿವಭಕ್ತ, ವಿಠ್ಠಲನ ಮುಖವನ್ನೂ ನೋಡುವುದಿಲ್ಲ ಅನ್ನುವವನು. ಒಬ್ಬ ಸಾಹುಕಾರ ವಿಠ್ಠಲನಿಗೆ ಬಂಗಾರದ ಉಡದಾರ ಮಾಡಿಸುತ್ತೇನೆ ಅಂತ ಹರಕೆ ಹೊತ್ತು ಇವನ ಹತ್ತಿರ ಬಂದ. ಅಳತೆ ತಂದುಕೊಡು, ಮಾಡಿಕೊಡ್ತೀನಿ, ಗುಡಿಗೆ ಬರಲ್ಲ ಅಂದ ನರಹರಿ. ಮಾಡಿದ. ಒಮ್ಮೆ ಬಿಗಿ ಆಯ್ತು, ಒಮ್ಮೆ ಸಡಿಲ ಆಯ್ತು. ಕೊನೆಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಾನೇ ಅಳತೆ ತೆಗೆಯೋಕೆ ಬಂದ. ಕೈಗೆ ಸಿಕ್ಕಿದ್ದು ಹುಲಿಚರ್ಮ, ಕೊರಳಲ್ಲಿ ಹಾವು. ಅಯ್ಯೋ ನಮ್ಮ ಶಿವ ಅಂತ ಬಟ್ಟೆ ಬಿಚ್ಚಿದರೆ ಎದುರಿಗೆ ವಿಠ್ಠಲ. ಮತ್ತೆ ಕಟ್ಟಿಕೊಂಡ, ಮತ್ತೆ ಶಿವ. ಕಾಕಾ ಕಥೆ ಹೇಳುವಾಗ ತಾವೇ ಟವೆಲನ್ನು ಕಣ್ಣಿಗೆ ಕಟ್ಟಿಕೊಂಡು ಚಿಕ್ಕಪ್ಪನ ಸೊಂಟದ ಅಳತೆ ತೆಗೆದರು! "ವಿಠ್ಠಲನ ತಲಿ ಮ್ಯಾಲನ ಲಿಂಗ ಐತ್ರಿ ಸರ, ನೀವು ಮಠ ಮಠ ಅಂತೀರಿ" ಅಂದರು. ಚಿಕ್ಕಪ್ಪ ನಗಲೂ ಆಗದೆ ಬಿಡಲೂ ಆಗದೆ ಕೂತಿದ್ದರು.

ಚಿಕ್ಕಪ್ಪ ನೋಡೋಕೆ ಬಂದ ಸಿದ್ಧೇಶ್ವರ, ಅಂದರೆ ಸಿದ್ಧರಾಮನ ಕಥೆಯಾದರೂ ಏನು? ಸೊನ್ನಲಿಗೆಯ, ಅಂದರೆ ಇದೇ ಸೊಲ್ಲಾಪುರದ ಈ ಹುಡುಗ ಮಲ್ಲಯ್ಯನನ್ನು ಹುಡುಕಿಕೊಂಡು ಶ್ರೀಶೈಲಕ್ಕೆ ಹೋದವನು. ವಾಪಸ್ ಬಂದು ಕೆರೆ ತೋಡಿಸಿದ, ಊರ ಸುತ್ತ 68 ಲಿಂಗ ನಿಲ್ಲಿಸಿದ, ಅದೇ ತನ್ನ ದಾರಿ ಅಂತ ಇದ್ದ. ಅಲ್ಲಮ ಬಂದು ಕೆರೆ ತೋಡುವವನು ಅಂತ ಕೆಣಕಿದ, ಶಿಷ್ಯರು ಅಲ್ಲಮನಿಗೆ ಕಲ್ಲು ಹೊಡೆದರು ಅಂತಾರೆ. ಆಮೇಲೆ ಅದೇ ಅಲ್ಲಮನ ಜೊತೆ ಕಲ್ಯಾಣಕ್ಕೆ ಹೋಗಿ, ತನಗಿಂತ ಚಿಕ್ಕವನಾದ ಚೆನ್ನಬಸವಣ್ಣನಿಂದ ದೀಕ್ಷೆ ತಗೊಂಡ. ದೊಡ್ಡ ಹೆಸರು ಮಾಡಿದ ಮೇಲೆ ದಾರಿ ಬದಲಿಸಿದ ಮನುಷ್ಯ. ಅವನ ಜಾತ್ರೆಯಲ್ಲಿ ಬಿಳಿ ಬಾರಾಬಂದಿ ಅಂಗಿ ಹಾಕಿಕೊಂಡು 7 ನಂದಿಧ್ವಜ ಹೊರುವವರು, ಕುಂಬಾರರ ಹುಡುಗಿಗೂ ಅವನ ಯೋಗದಂಡಕ್ಕೂ ಮದುವೆ ಮಾಡಿ ಅಕ್ಷತೆ ಹಾಕುವ ಲಕ್ಷಗಟ್ಟಲೆ ಜನ, ಅದರಲ್ಲಿ ಮರಾಠಿಯವರೆಷ್ಟು, ತೆಲುಗು ಪದ್ಮಶಾಲಿಗಳೆಷ್ಟು, ಯಾರೂ ಪಕ್ಕದವನ ಮಠ ಕೇಳಲ್ಲ. ಅಲ್ಲಿ ನಿಂತು ಚಿಕ್ಕಪ್ಪನೂ "ಹರ್ ಬೋಲಾ ಹರ್" ಅಂತ ಗಂಟಲು ಹರಿಯುವ ಹಾಗೆ ಕೂಗಿದರು ಅನ್ನುವುದನ್ನು ಇಲ್ಲಿ ದಾಖಲಿಸುತ್ತೇನೆ.

ಇದನ್ನೆಲ್ಲ ನಮ್ಮ ಮೇಲಿನ ಮನೆಯ ನರ್ಸ್ ಹುಡುಗಿಗೆ ಉತ್ಸಾಹದಲ್ಲಿ ಹೇಳಿದೆ. ಬೌದ್ಧ ಕುಟುಂಬದವಳು. 1935ರಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯುವುದಿಲ್ಲ ಅಂದ ಅಂಬೇಡ್ಕರ್, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ತಗೊಳ್ಳುವ ತನಕ 21 ವರ್ಷ ಓದಿದರು, ಹುಡುಕಿದರು. ನಿಜವಾಗಿ ಆರಿಸಿಕೊಂಡವರು ಅಂದರೆ ನೀವೇ ಅಂದೆ. ಅವಳು ಅಷ್ಟೇನೂ ಖುಷಿಪಡಲಿಲ್ಲ. "ಆರಿಸಿಕೊಂಡಿದ್ದು ಅಜ್ಜ. ನನಗೆ ನಿಮ್ಮ ಹಾಗೇ ಮನೆಯಿಂದ ಬಂತು" ಅಂದಳು. ಇನ್ನೊಂದನ್ನೂ ಹೇಳಿದಳು: ದಲಿತ ಸಂತ ಚೋಖಾಮೇಳನ ಸಮಾಧಿ ಪಂಢರಪುರದ ಗುಡಿಯ ಬಾಗಿಲ ಹೊರಗೆ ಯಾಕಿದೆ ಅಂತ ನಿಮ್ಮ ಕಾಕಾನ್ನ ಕೇಳಿ. ಕೇಳಬೇಕಾಗಿರಲಿಲ್ಲ, ನನಗೂ ಗೊತ್ತಿತ್ತು. ಅಷ್ಟೆಲ್ಲ ಸಂತರು ಹಾಡಿದ ಊರಲ್ಲಿ ದಲಿತರಿಗೆ ಗುಡಿ ಬಾಗಿಲು ತೆರೆಯೋಕೆ 1947ರಲ್ಲಿ ಮರಾಠಿ ಲೇಖಕ ಸಾನೆ ಗುರೂಜಿ ಉಪವಾಸ ಕೂರಬೇಕಾಯ್ತು. ಕಾಕಾನೂ ಅಷ್ಟೇ, ಮೊಮ್ಮಗನಿಗೆ ಹೆಣ್ಣು ಹುಡುಕುವಾಗ ತುಳಸಿ ಮಾಲೆ ನೋಡಲ್ಲ, ಲಿಂಗವನ್ನೇ ನೋಡ್ತಾರೆ, ಅದರಲ್ಲೂ ಯಾವ ಪಂಗಡ ಅಂತ ವಿಚಾರಿಸ್ತಾರೆ. ಸೊಲ್ಲಾಪುರ ಸ್ವರ್ಗ ಅಂತ ನಾನು ಹೇಳಲು ಹೊರಟಿದ್ದರೆ ಇಲ್ಲಿಗೆ ನಿಲ್ಲಿಸಬೇಕು.

ಮಠದ ಬಗ್ಗೆಯೂ ಒಂದು ಮಾತು ಬಾಕಿ ಇದೆ, ಹೇಳದಿದ್ದರೆ ಅನ್ಯಾಯ. ನಮ್ಮಪ್ಪ, ಚಿಕ್ಕಪ್ಪ ಇಬ್ಬರೂ ಸಿದ್ಧಗಂಗೆಯಲ್ಲಿದ್ದುಕೊಂಡು ಓದಿದವರು. ಮನೆಯಲ್ಲಿ ರಾಗಿಗೂ ಗತಿ ಇರಲಿಲ್ಲ. ಅಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ಪಾಠ. 2019ರ ಜನವರಿಯಲ್ಲಿ 111ನೇ ವಯಸ್ಸಿನಲ್ಲಿ ಶಿವಕುಮಾರ ಸ್ವಾಮೀಜಿ ತೀರಿಕೊಂಡಾಗ ಚಿಕ್ಕಪ್ಪ ಎರಡು ದಿನ ಊಟ ಬಿಟ್ಟಿದ್ದರು. ಅವರ ಬಾಯಲ್ಲಿ ಮಠ ಅಂದರೆ ಒಳಪಂಗಡ ಮಾತ್ರ ಅಲ್ಲ, ಹೊಟ್ಟೆ ತುಂಬಿದ ನೆನಪು. ಕಾಕಾಗೆ ದಿಂಡಿ ಹೇಗೋ ಅವರಿಗೆ ಇದು ಹಾಗೆ. ನನ್ನ ತಕರಾರು ಇಷ್ಟೇ: ಅದನ್ನು ಹಾಗೇ ಹೇಳಬಹುದಲ್ಲ? ಅನ್ನ ಹಾಕಿದ್ರು, ಅದಕ್ಕೇ ಹಿಡ್ಕೊಂಡೆ ಅಂದರೆ ಯಾರು ಬೇಡ ಅಂತಾರೆ, ಸಿದ್ಧಾಂತದ ಜಗಳದಲ್ಲಿ ಈ ಮಾತು ಮಾತ್ರ ಯಾಕೆ ಬರೋದೇ ಇಲ್ಲ? ನಾನಂತೂ ಮುಂದಿನ ಸಲ ಊರಿಗೆ ಹೋದಾಗ ಯಾರಾದರೂ ಯಾವ ಮಠ ಅಂತ ಕೇಳಿದರೆ ಮೊದಲು ಅವರದ್ದು ಯಾಕೆ ಅಂತ ಕೇಳೋನೇ. ಕಾಫಿ ಸಿಗದಿದ್ದರೂ ಪರವಾಗಿಲ್ಲ.