ನಾಲ್ಕು ಜನರ ಎದುರು ಬೆವರುವ ಮನುಷ್ಯ

'ಗಾಡ್‌ಫಾದರ್' ಎರಡನೇ ಭಾಗ ನೋಡಿದವರಿಗೆ ಆ ಮನೆ ಮಾಲೀಕ ನೆನಪಿರಲೇಬೇಕು. ನಾಯಿ ಸಾಕಿದ್ದಾಳೆ ಅಂತ ಒಬ್ಬ ವಿಧವೆಯನ್ನು ಮನೆ ಖಾಲಿ ಮಾಡಿಸಲು ಹೊರಟವನು. ಬೀದಿಯಲ್ಲಿ ಮಾತಾಡುವಾಗ ಎದುರಿಗಿರುವ, ಮುಂದೆ ಮಾಫಿಯಾ ದೊರೆಯಾಗುವ ವೀಟೊ ಯಾರು ಅಂತ ಅವನಿಗೆ ಗೊತ್ತಿಲ್ಲ. ಹಾಗಾಗಿ ಗದರಿ ಕಳಿಸುತ್ತಾನೆ. ಆಮೇಲೆ ಅವರಿವರನ್ನು ವಿಚಾರಿಸಿ ಬರುತ್ತಾನೆ ನೋಡಿ, ಆಗ ಆಸಾಮಿಯೇ ಬೇರೆ. ತಗೊಂಡ ದುಡ್ಡು ವಾಪಸ್ ಕೊಡುತ್ತಾನೆ. ಬಾಡಿಗೆ ಮೊದಲಿನಷ್ಟೇ ಇರಲಿ ಅನ್ನುತ್ತಾನೆ. ವೀಟೊ ಬಾಯಿ ಬಿಡುವುದಿಲ್ಲ. ಸರಿ, 5 ಡಾಲರ್ ಕಮ್ಮಿ. ಇನ್ನೂ ಸುಮ್ಮನೆ ಇದ್ದಾನೆ. ಆಯ್ತು, 10 ಡಾಲರ್. ಕೊನೆಗೆ ತಪ್ಪಿಸಿಕೊಂಡು ಹೊರಡೋಣ ಅಂದರೆ ಬಾಗಿಲೇ ತೆಗೆಯಲು ಬರುವುದಿಲ್ಲ. ಕೈ ನಡುಗುತ್ತಿದೆ, ಮುಖದಲ್ಲಿ ನಗು ಮಾತ್ರ ಹಾಗೇ ಅಂಟಿಕೊಂಡಿದೆ.

ಆ ಪಾತ್ರ ಮಾಡಿದವನ ಹೆಸರು ಲಿಯೊಪೋಲ್ಡೊ ತ್ರಿಯೆಸ್ತೆ. ವೀಟೊ ಆಗಿದ್ದ ರಾಬರ್ಟ್ ಡಿ ನಿರೋಗೆ ಅದೇ ಸಿನಿಮಾಕ್ಕೆ ಪೋಷಕ ನಟನ ಆಸ್ಕರ್ ಬಂತು, ಬರಬೇಕಾದದ್ದೇ. ಆದರೆ ವೀಟೊ ಈಗ ದೊಡ್ಡ ಮನುಷ್ಯ ಆಗಿದ್ದಾನೆ ಅಂತ ನಮಗೆ ಗೊತ್ತಾಗುವುದು ಈ ಮಾಲೀಕನ ಹೆದರಿಕೆಯಿಂದ. ಡಿ ನಿರೋ ಸುಮ್ಮನೆ ಕೂತಿರಲು ಆಗುವುದು ತ್ರಿಯೆಸ್ತೆ ಅಷ್ಟೊಂದು ಒದ್ದಾಡುತ್ತಿರುವುದರಿಂದ.

ಇವನು ಹುಟ್ಟಿದ್ದು 1917ರಲ್ಲಿ, ಇಟಲಿಯ ದಕ್ಷಿಣ ತುದಿಯ ರೆಜ್ಜೊ ಕಲಾಬ್ರಿಯದಲ್ಲಿ. ನಟನಾಗಬೇಕು ಅಂತ ಹೊರಟವನಲ್ಲ, ನಾಟಕಕಾರ. ಯುದ್ಧ ಮುಗಿದ ಬೆನ್ನಲ್ಲೇ ನಾಟಕ ಬರೆದು ಹೆಸರು ಮಾಡಿದ್ದ. ಅವನೊಳಗಿನ ನಟನನ್ನು ಹೊರಗೆ ತಂದವನು ಇಟಲಿಯ ನಿರ್ದೇಶಕ ಫೆಲಿನಿ.

1952ರ 'ದಿ ವೈಟ್ ಶೇಕ್' ಸಿನಿಮಾದಲ್ಲಿ ತ್ರಿಯೆಸ್ತೆ ಹೊಸದಾಗಿ ಮದುವೆಯಾದ ಇವಾನ್. ಸಣ್ಣ ಊರಿನಿಂದ ಹೆಂಡತಿಯನ್ನು ಕರೆದುಕೊಂಡು ರೋಮ್‌ಗೆ ಬಂದಿದ್ದಾನೆ. ಚಿಕ್ಕಪ್ಪನ ಕುಟುಂಬಕ್ಕೆ ಅವಳನ್ನು ಪರಿಚಯಿಸಬೇಕು, ಎಲ್ಲರೂ ಸೇರಿ ಪೋಪ್ ದರ್ಶನಕ್ಕೆ ಹೋಗಬೇಕು. ಆದರೆ ಹೆಂಡತಿ, ತಾನು ಓದುವ ಫೋಟೊ ಕಥೆಗಳ ನಾಯಕನನ್ನು ನೋಡಲು ಮೆಲ್ಲಗೆ ಹೋಟೆಲಿನಿಂದ ಜಾರಿಕೊಳ್ಳುತ್ತಾಳೆ. ನೆಂಟರು ಬಂದು ಕೂತಿದ್ದಾರೆ. ಇವನೇನು ಹೇಳಬೇಕು? ಅವಳಿಗೆ ಮೈ ಸರಿಯಿಲ್ಲ, ಮಲಗಿದ್ದಾಳೆ ಅನ್ನುತ್ತಾನೆ. ಆ ಸುಳ್ಳನ್ನು ಕಾಪಾಡಿಕೊಳ್ಳುವುದೇ ಅವನ ಪಾಲಿನ ಸಿನಿಮಾ. ಊಟಕ್ಕೆ ಕೂತಾಗ ಹೆಂಡತಿಯ ಮೇಲೆ ಬರೆದ ಪದ್ಯ ಹೇಳು ಅಂತ ನೆಂಟರು ಹಿಡಿದುಕೊಳ್ಳುತ್ತಾರೆ. ಅವಳು ಎಲ್ಲಿದ್ದಾಳೋ ಗೊತ್ತಿಲ್ಲ, ಆದರೂ ಪದ್ಯ ಹೇಳಲೇಬೇಕು. ಬಾಯಿ ಹೊಗಳುತ್ತಿದೆ, ಕಣ್ಣು ಅಳಲು ಜಾಗ ಹುಡುಕುತ್ತಿದೆ.

ಈ ಸಿನಿಮಾದ ಬಗ್ಗೆ ಬರೆಯುವವರು ಜಾಸ್ತಿ ಹೊಗಳುವುದು ಆಲ್ಬೆರ್ತೊ ಸೋರ್ದಿಯನ್ನು. ಫೋಟೊ ಕಥೆಯ ಆ ಜಂಬದ ನಾಯಕ ಅವನೇ, ಚೆನ್ನಾಗಿಯೇ ಮಾಡಿದ್ದಾನೆ. ಆದರೆ ಸೋರ್ದಿಯ ಪಾತ್ರವನ್ನು ನೋಡಿ ನಗುತ್ತೇವೆ, ಅಷ್ಟೇ. ಇವಾನ್ ರಾತ್ರಿ ಹೊತ್ತು ಕಾರಂಜಿಯ ಹತ್ತಿರ ಕೂತು, ದಾರಿಯಲ್ಲಿ ಸಿಕ್ಕ ಇಬ್ಬರು ಬೀದಿ ಹೆಂಗಸರಿಗೆ ಹೆಂಡತಿಯ ಫೋಟೊ ತೋರಿಸುತ್ತಾ ಅಳುವಾಗ ನನಗೆ ನಗಲಾಗುವುದಿಲ್ಲ. ಇವನನ್ನು ಹಾಸ್ಯ ನಟ ಅಂತ ಒಂದೇ ಮಾತಿನಲ್ಲಿ ಮುಗಿಸುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ನಾಲ್ಕು ಜನ ಏನಂತಾರೆ ಅನ್ನೋ ಭಯ ಒಬ್ಬ ಮನುಷ್ಯನನ್ನು ಹೇಗೆ ಹಿಂಡುತ್ತದೆ ಅಂತ ಇವನಷ್ಟು ಚೆನ್ನಾಗಿ ತೋರಿಸಿದವರನ್ನು ನಾನು ನೋಡಿಲ್ಲ. ಆ ಭಯವನ್ನು ಅವನು ಒಂದು ಸಲವೂ ಗೇಲಿ ಮಾಡಲಿಲ್ಲ.

ಮರುವರ್ಷ ಬಂದ ಫೆಲಿನಿಯದೇ 'ಇ ವಿತೆಲ್ಲೋನಿ'ಯಲ್ಲಿ ಪಾತ್ರದ ಹೆಸರೂ ಲಿಯೊಪೋಲ್ಡೊ, ಅವನೂ ನಾಟಕ ಬರೆಯುವವನೇ. ಊರಿಗೆ ಬಂದ ಹೆಸರಾಂತ ಮುದಿ ನಟನೊಬ್ಬನಿಗೆ ತನ್ನ ನಾಟಕ ಓದಿ ಹೇಳುವ ಭಾಗ್ಯ ಸಿಗುತ್ತದೆ. ಗೆಳೆಯರು ಜಾರಿಕೊಳ್ಳುತ್ತಾರೆ. ಇವನಿಗೆ ಅದರ ಪರಿವೆಯೇ ಇಲ್ಲ, ಮೈಮರೆತು ಓದುತ್ತಾನೆ. ಆಮೇಲೆ ಗಾಳಿ ಬೀಸುವ ರಾತ್ರಿಯಲ್ಲಿ ಮುದುಕ ಇವನನ್ನು ಕತ್ತಲ ಸಮುದ್ರ ತೀರಕ್ಕೆ ಕರೆಯುತ್ತಾನೆ. ಅವನಿಗೆ ಬೇಕಿರುವುದು ನಾಟಕವಲ್ಲ ಅಂತ ಆಗ ಅರ್ಥವಾಗುತ್ತದೆ. ಓಡುತ್ತಾನೆ. ಸ್ವತಃ ನಾಟಕಕಾರನಾಗಿದ್ದವನು ಈ ಪಾತ್ರ ಮಾಡಲು ಎಷ್ಟು ಧೈರ್ಯ ಬೇಕು, ಅಲ್ವಾ? ಅವನ ಓದಿನಲ್ಲಿ ಒಂದು ಚೂರೂ ವ್ಯಂಗ್ಯವಿಲ್ಲ. ಆ ಹೊತ್ತಿಗೆ ಅದು ಲೋಕದ ಅತಿ ದೊಡ್ಡ ನಾಟಕ ಅಂತಲೇ ನಂಬಿ ಓದುತ್ತಾನೆ.

ಇನ್ನೊಬ್ಬ ನಿರ್ದೇಶಕ ಪಿಯೆತ್ರೊ ಜೆರ್ಮಿ ಇವನನ್ನು ಸಿಸಿಲಿಗೆ ಕರೆದುಕೊಂಡು ಹೋದದ್ದು ಸರಿಯಾದ ಜಾಗಕ್ಕೇ. 1961ರ 'ಡಿವೋರ್ಸ್ ಇಟಾಲಿಯನ್ ಸ್ಟೈಲ್' ಮತ್ತು 1964ರ 'ಸೆಡ್ಯೂಸ್ಡ್ ಅಂಡ್ ಅಬಾಂಡನ್ಡ್' ಎರಡೂ ಮನೆತನದ ಮರ್ಯಾದೆಯ ಕಥೆಗಳು. ಮರ್ಯಾದೆಗಾಗಿ ಕೊಂದರೆ ಶಿಕ್ಷೆ ಕಡಿಮೆ ಅನ್ನುವ ಕಾನೂನು ಆಗ ಇಟಲಿಯಲ್ಲಿತ್ತು. ಕೆಡಿಸಿದವನು ಆ ಹುಡುಗಿಯನ್ನೇ ಮದುವೆಯಾದರೆ ಶಿಕ್ಷೆಯೇ ಇಲ್ಲ ಅನ್ನುವ ಕಾನೂನೂ ಇತ್ತು. ಎರಡೂ ರದ್ದಾದದ್ದು 1981ರಲ್ಲಿ! ಮೊದಲನೆಯದರಲ್ಲಿ ತ್ರಿಯೆಸ್ತೆ ಮನೆಯ ಚಿತ್ರಗಳನ್ನು ಸರಿಪಡಿಸಲು ಬರುವ ಪೇಂಟರ್. ಹೆಂಡತಿಯನ್ನು ಇವನ ಜೊತೆ ಸಿಕ್ಕಿಬೀಳಿಸಬೇಕು ಅಂತ ಗಂಡನೇ ಬಲೆ ಹಾಕಿರುತ್ತಾನೆ. ಎರಡನೆಯದರಲ್ಲಿ ಬಾಯಲ್ಲಿ ಹಲ್ಲಿಲ್ಲದ, ಕೈಯಲ್ಲಿ ಕಾಸಿಲ್ಲದ ಬ್ಯಾರನ್. ಮದುವೆ ಮುರಿದುಬಿದ್ದ ಮಗಳಿಗೆ ಹೇಗಾದರೂ ಗಂಡು ಗೊತ್ತುಮಾಡಬೇಕಾದ ಅಪ್ಪನೊಬ್ಬ ಇವನಿಗೆ ಹಲ್ಲು ಕಟ್ಟಿಸಿ ಮದುಮಗನನ್ನಾಗಿ ತಯಾರು ಮಾಡುತ್ತಾನೆ. ಸಿನಿಮಾ ನೋಡಿ ತುಂಬಾ ದಿನವಾದರೂ ನನಗೆ ಆ ಬಾಯಿ ಕಣ್ಣಿಗೆ ಕಟ್ಟಿದೆ. ಹಸಿದ ಮನುಷ್ಯ, ಆದರೂ ಬ್ಯಾರನ್ ಅನ್ನುವ ಗತ್ತು ಬಿಡಲಾರ. ಈ ಪಾತ್ರಕ್ಕೆ ಇಟಲಿಯ ಸಿನಿಮಾ ಪತ್ರಕರ್ತರು ಪೋಷಕ ನಟನಿಗೆ ಕೊಡುವ ನಾಸ್ತ್ರೊ ದರ್ಜೆಂತೊ ಪ್ರಶಸ್ತಿ ಬಂತು.

ಆಮೇಲೆ ಸಿಕ್ಕಿದ್ದು ಹೆಚ್ಚಾಗಿ ಸಣ್ಣ ಸಣ್ಣ ಪಾತ್ರಗಳೇ. ವೆನಿಸ್‌ನ ಹೋಟೆಲ್ ಮ್ಯಾನೇಜರ್, ಹುಳ ಹಿಡಿಯುವ ವಿಜ್ಞಾನಿ, ಸನ್ಯಾಸಿ. ಹೊರದೇಶದ ನಿರ್ದೇಶಕರೂ ಕರೆದರು. 'ಸಿನಿಮಾ ಪ್ಯಾರಡಿಸೋ' (1988) ನಮ್ಮಲ್ಲೂ ಎಷ್ಟೋ ಜನಕ್ಕೆ ಪ್ರಾಣ. ಅದರಲ್ಲಿ ಖಾಲಿ ಥಿಯೇಟರ್‌ನಲ್ಲಿ ಗಂಟೆ ಹಿಡಿದು ಕೂರುವ ಪಾದ್ರಿ ಇವನೇ. ತೆರೆಯ ಮೇಲೆ ಮುತ್ತು ಬಂತೋ, ಗಂಟೆ ಬಾರಿಸುತ್ತಾನೆ. ಮೇಲೆ ಸಿನಿಮಾ ಓಡಿಸುವ ಆಲ್ಫ್ರೆಡೊ, ಆ ಭಾಗ ಕತ್ತರಿಸಲು ರೀಲಿನಲ್ಲಿ ಚೀಟಿ ಸಿಕ್ಕಿಸಿ ಗುರುತು ಇಡುತ್ತಾನೆ. ಬೇರೆ ನಟನಾಗಿದ್ದರೆ ಆ ಪಾದ್ರಿಯನ್ನು ಖಳನಾಯಕ ಮಾಡುತ್ತಿದ್ದ. ತ್ರಿಯೆಸ್ತೆ ಅವನನ್ನು ಊರಿನ ಮರ್ಯಾದೆಯೆಲ್ಲ ತನ್ನ ತಲೆಯ ಮೇಲೇ ಇದೆ ಅಂತ ನಂಬಿದ ಮುದುಕನನ್ನಾಗಿ ಮಾಡಿದ್ದಾನೆ. ಅದಕ್ಕೇ ಅವನ ಮೇಲೆ ಕೋಪ ಬರುವುದಿಲ್ಲ.

ಅದೇ ನಿರ್ದೇಶಕ ತೊರ್ನಾತೊರೆ ಮತ್ತೆ ಕರೆದು 'ದಿ ಸ್ಟಾರ್ ಮೇಕರ್'ನಲ್ಲಿ ಒಂದು ಪಾತ್ರ ಕೊಟ್ಟ. 1996ರಲ್ಲಿ ಅದಕ್ಕೆ ಇಟಲಿಯ ದೊಡ್ಡ ಪ್ರಶಸ್ತಿ ದವಿದ್ ದಿ ದೊನಾತೆಲ್ಲೊ ಬಂತು, ಪೋಷಕ ನಟ ಅಂತಲೇ. ಆಗ ಅವನಿಗೆ 80 ಹತ್ತಿರ ಬಂದಿತ್ತು. 2003ರಲ್ಲಿ ರೋಮ್‌ನಲ್ಲಿ ತೀರಿಕೊಂಡ.

ಯಾವುದರಿಂದ ಶುರುಮಾಡಬೇಕು ಅಂತ ಕೇಳಿದರೆ 'ದಿ ವೈಟ್ ಶೇಕ್' ಅನ್ನುತ್ತೇನೆ. ಮಾತು ಅರ್ಥವಾಗದಿದ್ದರೂ ಪರವಾಗಿಲ್ಲ, ಆ ಊಟದ ದೃಶ್ಯದಲ್ಲಿ ಸಬ್‌ಟೈಟಲ್ ಬಿಟ್ಟು ಅವನ ಕಣ್ಣು ನೋಡಿ. ನೋಡಿದವರು ಕಾಮೆಂಟಲ್ಲಿ ಬರೆಯಿರಿ, ಈ ಮನುಷ್ಯನ ಬಗ್ಗೆ ಮಾತಾಡಲು ನನಗೆ ಜನ ಬೇಕು.