ವಿಲ್ಸನ್‌ನ 36 ಟ್ರಿಪಲ್: ಇಂದಿನವರ ಜತೆ ಒಂದೇ ಪಟ್ಟಿಯಲ್ಲಿ ಇಡಬೇಕೆ?

ಪರ: ಪ್ರವಾಸದ 12 ಸಾಕು

ಬೇಸ್‌ಬಾಲ್‌ನಲ್ಲಿ ಬ್ಯಾಟರ್ ಒಂದೇ ಹೊಡೆತಕ್ಕೆ ಓಡಿ ಮೂರನೇ ಬೇಸ್ (ಓಟದ ಹಾದಿಯಲ್ಲಿ ಮುಟ್ಟಬೇಕಾದ ತಾಣ) ತಲುಪಿದರೆ ಟ್ರಿಪಲ್. 1912ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಓವೆನ್ ‘ಚೀಫ್’ ವಿಲ್ಸನ್ ಇಂಥ 36 ಹೊಡೆದ. ಅಮೆರಿಕದ ಅಗ್ರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನಲ್ಲಿ ಒಂದೇ ವರ್ಷದ ಟ್ರಿಪಲ್‌ಗಳಿಗೆ ಅದು ಇಂದಿಗೂ ದಾಖಲೆ.

ತವರಿನ ಫೋರ್ಬ್ಸ್ ಫೀಲ್ಡ್ ದೊಡ್ಡದಿತ್ತು, ಅದಕ್ಕೇ ಬಂತು ಎನ್ನುವವರು ಒಂದು ಲೆಕ್ಕ ಹಾಕಲಿ. ಅಲ್ಲಿ ಬಂದದ್ದು 24, ಉಳಿದ 12 ಪರವೂರಿನ ಮೈದಾನಗಳಲ್ಲಿ. ತವರನ್ನು ಪೂರ್ತಿ ಬಿಟ್ಟು ಪ್ರವಾಸದ 12ನ್ನೇ ದುಪ್ಪಟ್ಟು ಮಾಡಿದರೂ 24 ಆಗುತ್ತದೆ. ಇಂದಿನವರಲ್ಲಿ, 2007ರಲ್ಲಿ ಡೆಟ್ರಾಯಿಟ್‌ನ ಕರ್ಟಿಸ್ ಗ್ರ್ಯಾಂಡರ್‌ಸನ್ ಗಳಿಸಿದ 23ಕ್ಕಿಂತಲೂ ಅದು ಹೆಚ್ಚು. ಇನ್ನು ಅದೇ 1912ರಲ್ಲಿ, ವಿಲ್ಸನ್‌ನ ತಂಡದಲ್ಲೇ ಹೋನಸ್ ವ್ಯಾಗ್ನರ್‌ನಂಥ ದಿಗ್ಗಜನಿಗೆ ದಕ್ಕಿದ್ದು 20.

ದೂರ ಹೊಡೆದ ಮಾತ್ರಕ್ಕೆ ಟ್ರಿಪಲ್ ಕೈಗೆ ಬರುವುದಿಲ್ಲ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನಿಂದ ಮೂರನೇ ಬೇಸ್‌ಗೆ 270 ಅಡಿ, ನಡುವೆ ಎರಡು ತಿರುವು. ಮೊದಲ ಬೇಸ್‌ಗೆ ನೆಟ್ಟಗೆ ಓಡಿದರೆ ಕೆಟ್ಟಿತು: ವೇಗಕ್ಕೆ ಮೈ ಬಲಕ್ಕೆ ಎಳೆದುಕೊಂಡು ಹೋಗಿ ಹಲವು ಹೆಜ್ಜೆ ದಂಡ. ಅದಕ್ಕೇ ಬೇಸ್ ಮುಟ್ಟುವ ಮುಂಚೆಯೇ ಬಲಕ್ಕೆ ತುಸು ಸರಿದು, ಮೈಯನ್ನು ಎಡಕ್ಕೆ ವಾಲಿಸಿ, ಬೇಸ್‌ನ ಒಳಮೂಲೆ ಮೆಟ್ಟಿ ತಿರುಗಬೇಕು. ಯಾವ ಕಾಲಾದರೂ ಸರಿ. ಕಾಲು ಹೊಂದಿಸಲು ಹೋದರೆ ಹೆಜ್ಜೆ ಕುಗ್ಗುತ್ತದೆ. ಚೆಂಡು ರೈಟ್ ಫೀಲ್ಡ್ (ಮೈದಾನದ ಬಲಭಾಗ) ಮೂಲೆಗೆ ಹೋದರೆ ಒಳ್ಳೆಯದು, ಅಲ್ಲಿಂದ ಮೂರನೇ ಬೇಸ್‌ಗೆ ಎಸೆತ ಉದ್ದ. ಆದರೆ ಎರಡನೇ ಬೇಸ್ ದಾಟುವಾಗ ಚೆಂಡು ಬೆನ್ನ ಹಿಂದಿರುತ್ತದೆ. ಕತ್ತು ಹೊರಳಿಸಿದರೆ ಓಟ ಸಡಿಲ, ಮೂರನೇ ಬೇಸ್ ಬಳಿ ನಿಂತ ಕೋಚ್‌ನ ಕೈ ನೋಡಿಯೇ ನುಗ್ಗಬೇಕು. ಇದನ್ನು 36 ಸಲ ಸಾಧಿಸಿದವನ ಹೆಸರನ್ನು ಪಟ್ಟಿಯ ತುದಿಯಿಂದ ಇಳಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ವಿರೋಧ: ಬೇಲಿಯ ಅಳತೆಯನ್ನೂ ಬರೆಯಿರಿ

ವಿಲ್ಸನ್‌ನ ಓಟದ ಬಗ್ಗೆ ನನಗೆ ತಕರಾರಿಲ್ಲ, ತಕರಾರಿರುವುದು ಬೇಲಿಯ ಬಗ್ಗೆ. ಫೋರ್ಬ್ಸ್ ಫೀಲ್ಡ್‌ನ ಲೆಫ್ಟ್-ಸೆಂಟರ್ (ನಡುವಿನಿಂದ ತುಸು ಎಡಕ್ಕಿನ) ಗೋಡೆ 450 ಅಡಿಗೂ ಆಚೆ ಇತ್ತು. ಈಗ ಬಹುತೇಕ ಮೈದಾನಗಳಲ್ಲಿ ಸೆಂಟರ್ (ನಡುವಿನ) ಬೇಲಿ 400 ಅಡಿ ಆಸುಪಾಸು. 420 ಅಡಿ ಹಾರಿದ ಚೆಂಡು ಇಂದು ಪ್ರೇಕ್ಷಕರ ನಡುವೆ ಬಿದ್ದು ಹೋಮ್ ರನ್ ಆಗುತ್ತದೆ. ಅಂದು ಅದು ಹುಲ್ಲಿಗೆ ಬಿದ್ದು ಗೋಡೆಯ ಕಡೆ ಉರುಳುತ್ತಿತ್ತು. ಆ ಕಾಲದ ಚೆಂಡು ಅಷ್ಟು ದೂರ ಹೋಗುವುದೇ ಅಪರೂಪವಾದ್ದರಿಂದ ಬೇಲಿ ಕಡೆ ಕಾಯುವ ಔಟ್‌ಫೀಲ್ಡರ್‌ಗಳು ಮುಂದೆ ನಿಲ್ಲುತ್ತಿದ್ದರು. ತಲೆ ಮೇಲಿಂದ ದಾಟಿದರೆ ಬೆನ್ನು ತಿರುಗಿಸಿ ಅಟ್ಟಿಕೊಂಡು ಓಡಬೇಕು.

ವಿಲ್ಸನ್‌ನ ಆ ವರ್ಷದ ಅಂಕಿ ನೋಡಿ: ಟ್ರಿಪಲ್ 36, ಡಬಲ್ (ಎರಡನೇ ಬೇಸ್‌ವರೆಗಿನ ಹೊಡೆತ) ಬರೀ 19. ಸಾಮಾನ್ಯವಾಗಿ ಡಬಲ್ ಎಷ್ಟೋ ಪಾಲು ಹೆಚ್ಚಿರಬೇಕು. ಪ್ರವಾಸದ 12 ಕೂಡ ಅದೇ ಕಾಲದ ಮೈದಾನಗಳಲ್ಲಿ ಬಂದವು. ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್‌ನ ಸೆಂಟರ್ ಕೂಡ ಆಳವೇ. 1913ರಲ್ಲಿ, ಅದೇ ಫೋರ್ಬ್ಸ್ ಫೀಲ್ಡ್‌ನಲ್ಲಿ ಆಡುತ್ತ, ವಿಲ್ಸನ್ 14ಕ್ಕೆ ನಿಂತ. ಬೇರಾವ ವರ್ಷವೂ ಆ 14ನ್ನು ದಾಟಲಿಲ್ಲ.

1912ರಲ್ಲೇ ಜೋ ಜಾಕ್ಸನ್ 26, 1914ರಲ್ಲಿ ಸ್ಯಾಮ್ ಕ್ರಾಫರ್ಡ್ 26. 1925ರಲ್ಲಿ ಕಿಕಿ ಕೈಲರ್ 26 ಹೊಡೆದ ಮೇಲೆ 23ನ್ನು ಯಾರೂ ದಾಟಿಲ್ಲ. ನೂರು ವರ್ಷದಲ್ಲಿ ಓಟಗಾರರ ಕಾಲು ಸೋತಿತೇ? ಗ್ರ್ಯಾಂಡರ್‌ಸನ್‌ನ 23ಕ್ಕೂ ತವರಿನ ಕೊಮೆರಿಕಾ ಪಾರ್ಕ್‌ನ 420 ಅಡಿ ಸೆಂಟರ್ ಒದಗಿಬಂತು.

ಚೆಂಡು ಹೆಚ್ಚು ದೂರ ಹಾರತೊಡಗಿದ 1920ರಿಂದಾಚೆಗೆ ಬೇರೆಯೇ ಪಟ್ಟಿ ಮಾಡಿ. ಅದರ ತಲೆಯಲ್ಲಿ ಕೈಲರ್ ನಿಲ್ಲುತ್ತಾನೆ. ಅವನೂ ಪಿಟ್ಸ್‌ಬರ್ಗ್‌ನವನೇ, ಹಾಗಾಗಿ ಅಲ್ಲೂ ಹೆಸರಿನ ಪಕ್ಕ ಫೋರ್ಬ್ಸ್ ಫೀಲ್ಡ್ ಎಂದು ಬರೆಯಿರಿ.